ಸರ್ವೆಯೆಂಬ ಹೆಸರು: ನಮ್ಮ ಕಡಲಂಚಿನ ಮರವೂ ಸೈಪ್ರೆಸ್ ವಂಶದ ವಿಚಾರವೂ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕಡಲಂಚಿನಲ್ಲಿ ನಡೆದಾಡಿದವರಿಗೆಲ್ಲ ಗಾಳಿಮರದ ಪರಿಚಯವುಂಟು. ಉಸುಕಿನ ದಿಣ್ಣೆಗಳ ಮೇಲೆ ಸಾಲುಗಟ್ಟಿ ನಿಂತು, ಪಡುವಣ ಗಾಳಿ ಬೀಸಿದಾಗ ಕಡಲಿನ ಮೊರೆತಕ್ಕೆ ತನ್ನದೊಂದು ಮೊರೆತವನ್ನು ಕೂಡಿಸುವ ಈ ಮರಕ್ಕೆ ಘಟ್ಟದ ಮೇಲಿನ ಸೀಮೆಯಲ್ಲಿ ಸರ್ವೆಮರವೆಂದು ಹೆಸರು. ಒಮ್ಮೆ ಶಿರಾಲಿಯ ಬಳಿಯ ದಂಡೆಯಲ್ಲಿ ವಿದ್ಯಾರ್ಥಿಯೊಬ್ಬನು ಈ ಮರದಿಂದ ಉದುರಿದ ಕಾಯೊಂದನ್ನು ನನ್ನ ಮುಂದೆ ಹಿಡಿದು, “ಸರ್, ಇದು ಹಿಮಾಲಯದ ಪೈನ್, ಸೈಪ್ರೆಸ್ ಮರಗಳ ಜಾತಿಯದೇ ಅಲ್ಲವೆ?” ಎಂದು ಕೇಳಿದನು. ಸೂಜಿಯಂತಹ ಎಲೆ, ಶಂಕುವಿನಂತಹ ಕಾಯಿ, ನೀಳವಾದ ನಿಲುವು, ಇವುಗಳನ್ನು ಕಂಡು ನಾನು ಹೌದೆಂದೇ ಉತ್ತರಿಸಿದೆನು. ಆ ಉತ್ತರ ತಪ್ಪಾಗಿತ್ತು. ತಪ್ಪೆಂದು ಅರಿತ ಮೇಲೆ, ಸಸ್ಯಶಾಸ್ತ್ರಜ್ಞರು ಇಂತಹ ನಂಟಸ್ತಿಕೆಯನ್ನು ಹೇಗೆ ನಿರ್ಣಯಿಸುತ್ತಾರೆ, ಅವರ ಸಾಕ್ಷ್ಯಗಳಾವುವು ಎಂಬುದನ್ನು ತಿಳಿಯಬೇಕೆನಿಸಿತು. ಹಾಗೆ ತಿಳಿದುಕೊಂಡುದರಲ್ಲಿ ಇತಿಹಾಸದ ಅಭ್ಯಾಸಿಗೆ ಸ್ವಾರಸ್ಯವೆನಿಸಿದ ಕೆಲವು ಸಂಗತಿಗಳನ್ನು ಪ್ರಸ್ತುತ ಲೇಖನದಲ್ಲಿ ನಿರೂಪಿಸಲಾಗಿದೆ.

ಹೆಸರಿನಿಂದಲೇ ಆರಂಭಿಸುವುದು ಉಚಿತ. ಪಾರಸಿ ಭಾಷೆಯಲ್ಲಿ ಸೈಪ್ರೆಸ್ ಮರವನ್ನು ‘ಸರ್ವ್’ ಎನ್ನುತ್ತಾರೆ. ಆ ಭಾಷೆಯ ಕವಿಗಳು ನೀಳವಾದ ನಿಲುವನ್ನು ಬಣ್ಣಿಸಬೇಕಾದಾಗಲೆಲ್ಲ ಈ ಮರವನ್ನು ನೆನೆದಿದ್ದಾರೆ. ಪಾರಸಿಕ ಮಾದರಿಯ ಉದ್ಯಾನಗಳಲ್ಲಿ ಹಾದಿಯ ಇಕ್ಕೆಲಗಳಲ್ಲಿ ಅದನ್ನು ಸಾಲಾಗಿ ನೆಡುವುದು ಸಂಪ್ರದಾಯ. ಹಿಂದೂಸ್ಥಾನಿಯಲ್ಲಿ ಈ ಪದ ‘ಸರೂ’ ಆಯಿತು. ಕನ್ನಡದ ‘ಸರ್ವೆ’ ಇದೇ ಮೂಲದ್ದೆಂದು ಒಪ್ಪಲು ಅಡ್ಡಿಯಿಲ್ಲ. ಹಿಂದಿಯಲ್ಲಿಯೂ ನಮ್ಮ ಗಾಳಿಮರಕ್ಕೆ ‘ಜಂಗಲೀ ಸರೂ’, ಎಂದರೆ ಕಾಡು ಸೈಪ್ರೆಸ್, ಎಂಬ ಹೆಸರಿದೆಯೆಂಬುದು ಈ ಊಹೆಯನ್ನು ಬಲಪಡಿಸುತ್ತದೆ.

ಹೆಸರಿಗೆ ಮೊದಲು ಒಡೆಯನಾಗಿದ್ದ ಮರವು ನಮ್ಮ ನಾಡಿಗೆ ಉದ್ಯಾನಗಳ ಮೂಲಕವೇ ಬಂದಿತು. ಫ್ರಾನ್ಸಿಸ್ ಬುಕಾನನ್ ೧೮೦೦ರಲ್ಲಿ ಬೆಂಗಳೂರಿನಲ್ಲಿ ಹೈದರ್ ಮತ್ತು ಟಿಪ್ಪು ಬೆಳೆಸಿದ ತೋಟಗಳನ್ನು ನೋಡಿ, ಅವು ಚೌಕಗಳಾಗಿ ವಿಂಗಡವಾಗಿದ್ದವೆಂದೂ, ಚೌಕಗಳ ನಡುವಣ ಹಾದಿಗಳ ಅಂಚಿಗೆ ಸೊಗಸಾದ ಸೈಪ್ರೆಸ್ ಮರಗಳಿದ್ದವೆಂದೂ ಬರೆದಿಟ್ಟಿದ್ದಾನೆ. ಶ್ರೀರಂಗಪಟ್ಟಣದ ಗುಂಬಜ್‌ನ ತೋಟದಲ್ಲಿಯೂ ಇದೇ ಅಭಿರುಚಿ ಕಾಣುತ್ತದೆ. ಬುಕಾನನ್ ವೃತ್ತಿಯಿಂದ ವೈದ್ಯ, ಆಸಕ್ತಿಯಿಂದ ಸಸ್ಯಶಾಸ್ತ್ರಜ್ಞ; ೧೮೦೧ರ ಆರಂಭದಲ್ಲಿ ಆತನು ಭಟ್ಕಳದಿಂದ ಹೊನ್ನಾವರಕ್ಕೆ ನಮ್ಮ ಕರಾವಳಿಯ ದಾರಿಯನ್ನು ಹಿಡಿದೇ ಸಾಗಿದನು. ಆತನ ಗ್ರಂಥವನ್ನು ನಮ್ಮಲ್ಲಿ ಕಂದಾಯ, ಬೆಳೆ, ಜಾತಿಪದ್ಧತಿಗಳ ಆಕರವಾಗಿ ಮಾತ್ರ ಓದುತ್ತೇವೆ. ಮರಗಿಡಗಳ ವಿಷಯದಲ್ಲಿಯೂ ಅದು ಅಷ್ಟೇ ಬೆಲೆಯುಳ್ಳದ್ದು.

ಗಾಳಿಮರವಾದರೋ ಬೇರೆಯೇ ದಿಕ್ಕಿನಿಂದ ಬಂದುದು. ಅದರ ತವರು ಆಸ್ಟ್ರೇಲಿಯ, ಆಗ್ನೇಯ ಏಷ್ಯ ಮತ್ತು ಪೆಸಿಫಿಕ್ ದ್ವೀಪಗಳು. ನಮ್ಮ ದೇಶದಲ್ಲಿ ಅಂಡಮಾನ್ ದ್ವೀಪಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ಸೌದೆಗಾಗಿಯೂ ಹಾರುವ ಉಸುಕನ್ನು ತಡೆದು ನಿಲ್ಲಿಸುವುದಕ್ಕಾಗಿಯೂ ೧೯ನೆಯ ಶತಮಾನದಲ್ಲಿ ಅದು ಭಾರತದ ಕರಾವಳಿಗಳಲ್ಲಿ ಹರಡಿತು. ಹೊಸ ಮರಕ್ಕೆ ಹೆಸರು ಬೇಕಾದಾಗ ಜನರು, ತಾವು ಮೊದಲೇ ಬಲ್ಲ ಮರಗಳಲ್ಲಿ ಯಾವುದನ್ನು ಅದು ಹೋಲುತ್ತದೆಯೋ ಅದರ ಹೆಸರನ್ನೇ ಕೊಟ್ಟರು. ನಮ್ಮ ಕಡಲ ಮಕ್ಕಳು ಮಾತ್ರ ಹೋಲಿಕೆಯ ಗೊಡವೆಗೆ ಹೋಗದೆ ಅದು ಮಾಡುವ ಸದ್ದಿನಿಂದಲೇ ಅದನ್ನು ಗುರುತಿಸಿದರು. ತಪ್ಪಿಗೆ ಎಡೆಯಿಲ್ಲದ ಹೆಸರು ಅದು. ‘ದೇವದಾರು’ ಎಂಬ ಪದವೂ ಹೀಗೆಯೇ ಅಲೆದಾಡಿದೆ. ಹಿಮಾಲಯದ ದೇವದಾರು ಪೈನ್ ಕುಟುಂಬದ ಮಹಾವೃಕ್ಷ. ದಕ್ಷಿಣದ ಒಣ ಕುರುಚಲು ಕಾಡುಗಳಲ್ಲಿ ದೇವದಾರಿಯೆಂದು ಕರೆಯಿಸಿಕೊಳ್ಳುವ ಸಣ್ಣ ಮರಕ್ಕೂ ಅದಕ್ಕೂ ಯಾವ ನಂಟೂ ಇಲ್ಲ.

ಗಾಳಿಮರವು ಸೈಪ್ರೆಸ್ ಅಲ್ಲವೆಂದು ಹೇಳುವುದು ಯಾವ ಆಧಾರದ ಮೇಲೆ? ಅದರ ಹಸುರು ‘ಸೂಜಿ’ಯೊಂದನ್ನು ಎರಡು ಕೈಗಳಿಂದ ಹಿಡಿದು ಮೆಲ್ಲಗೆ ಎಳೆದರೆ ಅದು ಗೆಣ್ಣಿನಲ್ಲಿ ಕಳಚಿಕೊಳ್ಳುತ್ತದೆ. ಎಲೆಗೆ ಗೆಣ್ಣುಗಳಿರುವುದಿಲ್ಲ, ಆದುದರಿಂದ ನಾವು ಎಲೆಯೆಂದು ತಿಳಿದದ್ದು ಎಲೆಯಲ್ಲ, ಹಸುರಾದ ಸಣ್ಣ ಕಡ್ಡಿ. ಗೆಣ್ಣಿನ ಸುತ್ತ ಹಲ್ಲುಗಳಂತೆ ಕಾಣುವ ಏಳೆಂಟು ಕಿರುಮೊನೆಗಳೇ ನಿಜವಾದ ಎಲೆಗಳು. ‘ಶಂಕು’ವೆಂದು ತೋರುವುದು ಒತ್ತಾಗಿ ಸೇರಿಕೊಂಡ ಅನೇಕ ಹೂಗಳಿಂದಾದ ಫಲಗುಚ್ಛ. ಅದರ ಒಂದೊಂದು ಕೊಕ್ಕೂ ಬಿಚ್ಚಿಕೊಂಡಾಗ ರೆಕ್ಕೆಯುಳ್ಳ ಒಂದೊಂದು ಚಿಕ್ಕ ಕಾಯಿ ಹೊರಬೀಳುತ್ತದೆ. ಬೀಜವು ಕಾಯಿಯೊಳಗೆ ಅಡಗಿದೆಯೆಂಬುದೇ ಇಲ್ಲಿ ನಿರ್ಣಾಯಕ. ಪೈನ್, ಸೈಪ್ರೆಸ್ ಮೊದಲಾದ ಶಂಕುಧಾರಿಗಳಲ್ಲಿ ಬೀಜಕ್ಕೆ ಕಾಯಿಯ ಹೊದಿಕೆಯಿಲ್ಲ. ಅದು ಶಂಕುವಿನ ಹಲ್ಲೆಯ ಮೇಲೆ ಬರಿಮೈಯಲ್ಲಿ ಕುಳಿತಿರುತ್ತದೆ. ಅವು ನಗ್ನಬೀಜ ಸಸ್ಯಗಳು. ಗಾಳಿಮರವು ಮಾವು ಹಲಸುಗಳಂತೆ ಹೂಬಿಡುವ ಸಸ್ಯ.

ಈ ಹೋಲಿಕೆಗೆ ಮರುಳಾದವರು ದಾರಿಹೋಕರು ಮಾತ್ರವಲ್ಲ. ಗಾಳಿಮರವು ಹೂಸಸ್ಯವೆಂಬುದನ್ನು ಒಪ್ಪಿಕೊಂಡ ಮೇಲೂ, ೧೯ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಎಂಗ್ಲರ್ ಅದನ್ನು ದ್ವಿದಳ ಸಸ್ಯಗಳಲ್ಲಿ ಅತ್ಯಂತ ಪುರಾತನವಾದುದೆಂದು ಭಾವಿಸಿ ತನ್ನ ವರ್ಗೀಕರಣದ ಆರಂಭದಲ್ಲಿಯೇ ಇರಿಸಿದನು. ವಿಯೆನ್ನಾದ ವೆಟ್‌ಸ್ಟೈನ್ ಇನ್ನೂ ಮುಂದೆ ಹೋಗಿ, ನಗ್ನಬೀಜ ಸಸ್ಯಗಳಿಂದ ಹೂಸಸ್ಯಗಳು ಹುಟ್ಟಿದ ದಾರಿಯಲ್ಲಿ ಇದೊಂದು ಮೆಟ್ಟಿಲೆಂದು ವಾದಿಸಿದನು. ಇಬ್ಬರೂ ಸರಳವಾದುದು ಹಳೆಯದಾಗಿರಬೇಕೆಂದು ನಂಬಿದ್ದರು. ಎಸಳಿಲ್ಲದ, ಬಣ್ಣವಿಲ್ಲದ ಈ ಹೂಗಳು ಆದಿಮವಲ್ಲ, ಕಾಲಕ್ರಮದಲ್ಲಿ ಭಾಗಗಳನ್ನು ಕಳೆದುಕೊಂಡು ಸರಳವಾದವು ಎಂಬುದು ಅನಂತರ ತಿಳಿದುಬಂದಿತು. ಆನುವಂಶಿಕ ದ್ರವ್ಯದ ಪರೀಕ್ಷೆಯಿಂದ ಗಾಳಿಮರದ ಹತ್ತಿರದ ಬಂಧುಗಳು ಓಕ್, ಬರ್ಚ್, ಅಕ್ರೋಟು ಮರಗಳೆಂದು ಈಗ ನಿಶ್ಚಿತವಾಗಿದೆ. ಶಾಸನದ ಲಿಪಿ ಒರಟಾಗಿದೆಯೆಂದ ಮಾತ್ರಕ್ಕೆ ಅದನ್ನು ಪ್ರಾಚೀನವೆಂದು ಹೇಳುವಂತಿಲ್ಲ, ಕೆತ್ತಿದವನ ಕೈ ಒರಟಾಗಿದ್ದಿರಲೂಬಹುದು ಎಂದು ನಾವು ತರಗತಿಯಲ್ಲಿ ಹೇಳುವುದುಂಟು. ಆ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ.

ಇದಕ್ಕೆ ಪ್ರತಿಯಾದ ನಿದರ್ಶನವೊಂದು ನಮ್ಮ ಘಟ್ಟದ ಕಾಡಿನಲ್ಲಿಯೇ ಇದೆ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣದ ಕಾಡುಗಳಲ್ಲಿ ಮರಗಳನ್ನೇರಿ ಹಬ್ಬುವ ನೀಟಮ್ ಎಂಬ ಬಳ್ಳಿಯ ಎಲೆ ಅಗಲವಾದುದು, ಜಾಲದಂತಹ ನರಗಳುಳ್ಳದ್ದು. ನೋಡಿದವರಾರೂ ಅದನ್ನು ಹೂಬಿಡುವ ಬಳ್ಳಿಯಲ್ಲವೆಂದು ಹೇಳಲಾರರು. ಆದರೆ ಅದು ನಗ್ನಬೀಜ ಸಸ್ಯ. ಶಂಕುಧಾರಿಗಳಿಗೆ ಅದರ ನಂಟು ಎಷ್ಟು ಹತ್ತಿರದ್ದೆಂಬುದರಲ್ಲಿ ಮಾತ್ರ ವಿದ್ವಾಂಸರಲ್ಲಿ ಭೇದವಿದೆ. ಹೀಗೆ, ಸೈಪ್ರೆಸ್‌ನಂತೆ ಕಾಣುವ ಕಡಲಂಚಿನ ಮರಕ್ಕಿಂತ, ಅದನ್ನು ಎಳ್ಳಷ್ಟೂ ಹೋಲದ ಕಾಡಿನ ಬಳ್ಳಿಯೇ ಸೈಪ್ರೆಸ್‌ಗೆ ಹತ್ತಿರದ್ದು.

ಇನ್ನು ಸೈಪ್ರೆಸ್ ಕುಟುಂಬದ ವಿಚಾರ. ಸುಮಾರು ೩೦ ಜಾತಿಗಳೂ ೧೩೦ಕ್ಕೂ ಮಿಕ್ಕ ಪ್ರಭೇದಗಳೂ ಉಳ್ಳ ಈ ಕುಟುಂಬವು ಅಂಟಾರ್ಕ್ಟಿಕವನ್ನು ಬಿಟ್ಟು ಉಳಿದೆಲ್ಲ ಖಂಡಗಳಲ್ಲಿಯೂ ಹರಡಿದೆ. ಸೈಪ್ರೆಸ್, ಜೂನಿಪರ್, ಥೂಜಾ ಮೊದಲಾದವುಗಳ ಎಲೆಗಳು ಮೀನಿನ ಹುರುಪೆಯಂತೆ ಕಡ್ಡಿಗೆ ಅಂಟಿಕೊಂಡಿರುತ್ತವೆ. ಎರಡೆರಡಾಗಿ ಎದುರುಬದುರು ಹುಟ್ಟಿ, ಒಂದು ಜೋಡಿಯು ಕೆಳಗಿನ ಜೋಡಿಗೆ ಅಡ್ಡವಾಗಿ ನಿಲ್ಲುತ್ತದೆ. ಪೈನ್‌ನ ಪರಾಗಕಣಕ್ಕೆ ಗಾಳಿಯಲ್ಲಿ ತೇಲಲು ಎರಡು ಚೀಲಗಳುಂಟು. ಸೈಪ್ರೆಸ್‌ನ ಕಣಕ್ಕೆ ಅವಿಲ್ಲ. ಅಂಡಕವು ತನ್ನ ಬಾಯಲ್ಲಿ ಒಂದು ಹನಿ ದ್ರವವನ್ನು ಒಸರಿಸಿ, ಗಾಳಿಯಲ್ಲಿ ಬಂದ ಪರಾಗವು ಅದಕ್ಕೆ ಅಂಟಿಕೊಂಡ ಮೇಲೆ ಹನಿಯನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಪೈನ್‌ನ ಶಂಕುವಿನಲ್ಲಿ ಬೀಜವನ್ನು ಹೊರುವ ಹಲ್ಲೆಯೂ ಅದರಡಿಯ ರಕ್ಷಕಪತ್ರವೂ ಬೇರೆ ಬೇರೆಯಾಗಿ ಕಾಣುತ್ತವೆ. ಸೈಪ್ರೆಸ್ ಕುಟುಂಬದಲ್ಲಿ ಅವೆರಡೂ ಬೆಸೆದುಕೊಂಡು ಒಂದೇ ಆಗಿವೆ. ಜೂನಿಪರ್‌ನಲ್ಲಿ ಈ ಶಂಕು ರಸವುಳ್ಳ ಹಣ್ಣಿನಂತಾಗಿ, ಹಕ್ಕಿಗಳು ಅದನ್ನು ತಿಂದು ಬೀಜವನ್ನು ಪಸರಿಸುತ್ತವೆ. ಒಂದೇ ಕುಟುಂಬ ಇಷ್ಟು ದೂರ ಹರಡಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಲೋಕದ ಅತ್ಯುನ್ನತ ವೃಕ್ಷವೂ ಈ ವಂಶದ್ದೇ. ಕ್ಯಾಲಿಫೋರ್ನಿಯಾದ ಕರಾವಳಿಯ ಸಿಕೋಯಾ ಮರವೊಂದು, ೨೦೦೬ರಲ್ಲಿ ಗುರುತಿಸಲ್ಪಟ್ಟದ್ದು, ಸುಮಾರು ೧೧೬ ಮೀಟರು ಎತ್ತರವಿದೆ. ಚಿಲಿ ದೇಶದ ಫಿಟ್ಸ್‌ರೋಯಾ ಮರವೊಂದರಲ್ಲಿ ೩,೬೨೨ ವರ್ಷವಲಯಗಳನ್ನು ಎಣಿಸಿರುವುದಾಗಿ ೧೯೯೩ರಲ್ಲಿ ಪ್ರಕಟವಾಯಿತು. ಹರಪ್ಪೆಯ ನಾಗರಿಕತೆಯ ಕೊನೆಯ ಕಾಲದಲ್ಲಿ ಮೊಳೆತ ಮರವು ನಮ್ಮ ಕಾಲದವರೆಗೆ ವರ್ಷಕ್ಕೊಂದು ಗೆರೆಯಂತೆ ದಾಖಲೆ ಬರೆದುಕೊಂಡು ಬಂದಿತೆಂದರೆ, ಕಾಲಗಣನೆಗಾಗಿ ತೊಳಲುವ ನಮ್ಮಂತಹವರಿಗೆ ಸ್ವಲ್ಪ ಅಸೂಯೆಯೇ ಆಗುತ್ತದೆ.

ಸಿಕೋಯಾ ಸೈಪ್ರೆಸ್‌ನ ವಂಶದ್ದೆಂದು ಹೇಳಿದೆನಷ್ಟೆ. ಬಹಳ ಕಾಲದವರೆಗೆ ಹಾಗೆ ಯಾರೂ ಹೇಳುತ್ತಿರಲಿಲ್ಲ. ಸಿಕೋಯಾ, ಅಮೆರಿಕದ ಜೌಗುನೆಲದ ಟ್ಯಾಕ್ಸೋಡಿಯಮ್, ಜಪಾನಿನ ಕ್ರಿಪ್ಟೋಮೀರಿಯ, ಚೀನದ ಕನಿಂಗ್‌ಹ್ಯಾಮಿಯ ಮೊದಲಾದವುಗಳನ್ನು ಟ್ಯಾಕ್ಸೋಡಿಯೇಸೀ ಎಂಬ ಬೇರೊಂದು ಕುಟುಂಬವಾಗಿ ಎಣಿಸುತ್ತಿದ್ದರು. ಅವುಗಳಲ್ಲಿ ಬಹುಪಾಲು ಮರಗಳ ಎಲೆಗಳು ಹುರುಪೆಯಂತಿಲ್ಲ, ಎದುರುಬದುರಾಗಿಯೂ ಇಲ್ಲ, ಸುರುಳಿಯಾಗಿ ಜೋಡಣೆಗೊಂಡಿವೆ. ಜರ್ಮನಿಯ ಪಿಲ್ಗರ್ ೧೯೨೬ರಲ್ಲಿ ಮಾಡಿದ ವಿಂಗಡಣೆಯಲ್ಲಿ ಈ ಎರಡು ಕುಟುಂಬಗಳೂ ಬೇರೆ ಬೇರೆ ನಿಂತು, ಪಠ್ಯಪುಸ್ತಕಗಳಲ್ಲಿ ಅದೇ ರೂಢಿಯಾಯಿತು. ೧೯೭೬ರಲ್ಲಿ ಎಕೆನ್‌ವಾಲ್ಡರ್ ಎಂಬ ವಿದ್ವಾಂಸರು, ಒಂದೊಂದೇ ಲಕ್ಷಣವನ್ನು ತೂಗಿನೋಡಿದರೆ ಈ ಎರಡನ್ನೂ ಬೇರ್ಪಡಿಸುವ ಗಟ್ಟಿಯಾದ ಗೆರೆ ಎಲ್ಲಿಯೂ ಸಿಗುವುದಿಲ್ಲ, ಇವೆರಡೂ ಒಂದೇ ಕುಟುಂಬ ಎಂದು ಪ್ರತಿಪಾದಿಸಿದರು. ೧೯೯೦ರ ದಶಕದಲ್ಲಿ ಆನುವಂಶಿಕ ದ್ರವ್ಯದ ಅಕ್ಷರಗಳನ್ನು ನೇರವಾಗಿ ಓದುವ ವಿಧಾನಗಳು ಬಂದಾಗ ಅವರ ಮಾತು ನಿಜವಾಯಿತು. ೨೦೦೦ದ ಹೊತ್ತಿಗೆ ಈ ಸಂಯುಕ್ತ ಕುಟುಂಬವನ್ನು ಏಳು ಶಾಖೆಗಳಾಗಿ ವಿಂಗಡಿಸಲಾಯಿತು. ಹಳೆಯ ಟ್ಯಾಕ್ಸೋಡಿಯೇಸೀ ಎಂಬುದು ಒಂದು ಶಾಖೆಯೂ ಅಲ್ಲವೆಂದು ತಿಳಿಯಿತು. ಅದು ಬುಡದ ಹತ್ತಿರದಲ್ಲಿ ಒಂದಾದ ಮೇಲೊಂದರಂತೆ ಕವಲೊಡೆದ ಹಲವು ಕೊಂಬೆಗಳ ಗುಂಪು. ಅವುಗಳಿಗೆ ಸಮಾನವಾಗಿದ್ದುದು, ಸೈಪ್ರೆಸ್‌ನ ಹೊಸ ಲಕ್ಷಣಗಳನ್ನು ಪಡೆಯದೆ ಉಳಿದವು ಎಂಬುದಷ್ಟೇ. ಜಪಾನಿನ ಸಯಾಡೋಪಿಟಿಸ್ ಮಾತ್ರ ಈ ಮನೆತನದವನೇ ಅಲ್ಲವೆಂದು ಹೊರಬಿದ್ದಿತು.

ವಂಶಾವಳಿಯ ತೊಡಕು ನಮಗೆ ಹೊಸದಲ್ಲ. ಬನವಾಸಿಯ ಕದಂಬರಿಗೆ ಆ ಹೆಸರು ಬಂದದ್ದು ಅವರ ಮನೆಯ ಬಳಿಯಿದ್ದ ಕದಂಬವೃಕ್ಷದಿಂದ ಎಂದು ತಾಳಗುಂದದ ಸ್ತಂಭಶಾಸನ ತಿಳಿಸುತ್ತದೆ. ಮುಂದೆ ಹಾನಗಲ್ಲಿನಲ್ಲಿ, ಗೋವೆಯಲ್ಲಿ ಅದೇ ಹೆಸರನ್ನು ಧರಿಸಿದವರು ಬನವಾಸಿಯ ಮೂಲವಂಶಕ್ಕೆ ಹೇಗೆ ಸಂಬಂಧಪಟ್ಟವರೆಂಬುದನ್ನು ಶಾಸನಗಳ ಹೊಗಳಿಕೆಯ ಮಾತುಗಳಿಂದ ಮಾತ್ರ ನಿರ್ಣಯಿಸಲಾಗದು. ತಲೆಮಾರುಗಳ ಕೊಂಡಿಗಳು ಬೇಕು. ಸಸ್ಯಶಾಸ್ತ್ರಜ್ಞರಿಗೆ ಅಂತಹ ಕೊಂಡಿ ಈಗ ದೊರೆತಿದೆ. ಕೋಶಕೋಶದಲ್ಲಿಯೂ ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತ, ಆಗೊಮ್ಮೆ ಈಗೊಮ್ಮೆ ಲಿಪಿಕಾರನ ತಪ್ಪಿನಂತಹ ಬದಲಾವಣೆಗಳನ್ನು ಉಳಿಸಿಕೊಂಡು ಬರುವ ಬರಹ ಅದು. ಹಸ್ತಪ್ರತಿಗಳಲ್ಲಿ ಒಂದೇ ತಪ್ಪು ಎರಡು ಪ್ರತಿಗಳಲ್ಲಿ ಕಂಡರೆ ಅವು ಒಂದೇ ಮಾತೃಕೆಯಿಂದ ಇಳಿದವೆಂದು ಗ್ರಂಥಸಂಪಾದಕರು ತರ್ಕಿಸುವಂತೆಯೇ ಇಲ್ಲಿಯೂ ತರ್ಕ ನಡೆಯುತ್ತದೆ.

ಈ ಬರಹದ ಒಂದು ಪಾಲು ಕೋಶದ ಹಸುರುಕಣಗಳಲ್ಲಿ, ಎಂದರೆ ಕ್ಲೋರೋಪ್ಲಾಸ್ಟ್‌ಗಳಲ್ಲಿ ಇರುತ್ತದೆ. ಬಹುತೇಕ ಹೂಸಸ್ಯಗಳಲ್ಲಿ ಅದು ತಾಯಿಯಿಂದ ಮಗುವಿಗೆ ಇಳಿಯುತ್ತದೆ. ಶಂಕುಧಾರಿಗಳಲ್ಲಿ ಅದು ಪರಾಗದ ಮೂಲಕ, ಎಂದರೆ ತಂದೆಯಿಂದ ಇಳಿಯುತ್ತದೆ. ಅಳಿಯಸಂತಾನದ ಮನೆತನಗಳನ್ನೂ ಮಕ್ಕಳ ಸಂತಾನದ ಮನೆತನಗಳನ್ನೂ ಅಕ್ಕಪಕ್ಕದಲ್ಲಿಯೇ ಕಂಡ ಕರಾವಳಿಯವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಸಿಕೋಯಾದಲ್ಲಿ ಕೋಶದ ಮೈಟೊಕಾಂಡ್ರಿಯಗಳೂ ತಂದೆಯಿಂದಲೇ ಬರುತ್ತವೆ. ಇನ್ನೂ ವಿಚಿತ್ರವಾದುದು ಅಲ್ಜೀರಿಯದ ಮರುಭೂಮಿಯ ತಾಸಿಲಿ ಪ್ರಸ್ಥಭೂಮಿಯಲ್ಲಿ ಇನ್ನೂರೈವತ್ತಕ್ಕಿಂತ ಕಡಮೆ ಮರಗಳಾಗಿ ಉಳಿದಿರುವ ಸೈಪ್ರೆಸ್ ಪ್ರಭೇದದ ಸಂಗತಿ. ಅದರ ಬೀಜದೊಳಗಿನ ಭ್ರೂಣವು ಪರಾಗವೊಂದರಿಂದಲೇ ಬೆಳೆಯುತ್ತದೆಂದೂ, ತಾಯಿಮರವು ಬೀಜಕ್ಕೆ ಆಶ್ರಯವನ್ನೂ ಆಹಾರವನ್ನೂ ಮಾತ್ರ ಒದಗಿಸುತ್ತದೆಂದೂ ಫ್ರಾನ್ಸಿನ ಸಂಶೋಧಕರು ೨೦೦೧ರಲ್ಲಿ ಪ್ರಕಟಿಸಿದರು. ಬೇರೊಂದು ಸೈಪ್ರೆಸ್ ಪ್ರಭೇದದ ಮರದ ಮೇಲೆ ಈ ಪರಾಗ ಬಿದ್ದರೂ ಹುಟ್ಟುವುದು ಮರುಭೂಮಿಯ ಸೈಪ್ರೆಸ್ಸೇ. ಸಸ್ಯಲೋಕದಲ್ಲಿ ಅತ್ಯಂತ ವಿರಳವಾದ ಪದ್ಧತಿ ಇದು.

ಟ್ಯಾಕ್ಸೋಡಿಯಮ್ಮಿನ ಮಾತು ಬಂದುದರಿಂದ, ರೂಪಸಾಮ್ಯದ ಇನ್ನೊಂದು ನಿದರ್ಶನವನ್ನು ಇಲ್ಲಿಯೇ ಹೇಳಬೇಕು. ಅಮೆರಿಕದ ಆಗ್ನೇಯ ಭಾಗದ ಜೌಗಿನಲ್ಲಿ ನೀರಲ್ಲೇ ನಿಲ್ಲುವ ಈ ಮರದ ಬೇರುಗಳು ಅಲ್ಲಲ್ಲಿ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಹೊರಚಾಚುತ್ತವೆ. ಹೊನ್ನಾವರದಿಂದ ಘಟ್ಟವನ್ನೇರಿ ಜೋಗದ ಕಡೆಗೆ ಹೋಗುವಾಗ ಸಿದ್ದಾಪುರ ತಾಲೂಕಿನ ಅಂಚಿನಲ್ಲಿ ಸಿಗುವ ಕತ್ತಲೆಕಾನಿನ ಜೌಗನ್ನು ನೋಡಿದವರಿಗೆ ಈ ವರ್ಣನೆ ಚಿರಪರಿಚಿತವೆನಿಸೀತು. ಅಲ್ಲಿ ಹಳ್ಳದ ಕೆಸರಿನಲ್ಲಿ ನಿಂತ ರಾಮಪತ್ರೆಯ ಬಳಗದ ಮರಗಳು ಇಂತಹುದೇ ಮೊಣಕಾಲು ಬೇರುಗಳನ್ನು ಎತ್ತಿರುತ್ತವೆ. ಅದೇ ಬಳಗದ ಇನ್ನೊಂದು ಮರ ಊರುಗೋಲಿನಂತಹ ಬೇರುಗಳನ್ನು ಕಾಂಡದಿಂದ ಇಳಿಬಿಡುತ್ತದೆ. ರಾಮಪತ್ರೆಯ ಬಳಗಕ್ಕೂ ಸೈಪ್ರೆಸ್ ವಂಶಕ್ಕೂ ಸಾಮಾನ್ಯ ಪೂರ್ವಿಕರನ್ನು ಹುಡುಕಬೇಕಾದರೆ ಹೂಗಳೇ ಇಲ್ಲದಿದ್ದ ಕಾಲಕ್ಕೆ ಹೋಗಬೇಕು. ಉಸಿರಾಡಲು ಗಾಳಿ ಸಿಗದ ಕೆಸರಿನ ಕಷ್ಟ ಎರಡಕ್ಕೂ ಒಂದೇ, ಎರಡೂ ಬೇರೆ ಬೇರೆಯಾಗಿಯೇ ಒಂದೇ ಉಪಾಯವನ್ನು ಕಂಡುಕೊಂಡವು ಎಂಬುದು ಸುಲಭವಾದ ವಿವರಣೆ. ಟ್ಯಾಕ್ಸೋಡಿಯಮ್ಮಿನ ಮೊಣಕಾಲುಗಳು ನಿಜವಾಗಿ ಬೇರಿಗೆ ಗಾಳಿಯನ್ನು ಒದಗಿಸುತ್ತವೆಯೇ ಎಂಬ ಪ್ರಶ್ನೆಯಾದರೋ ಎರಡು ಶತಮಾನಗಳ ಕಾಲ ವಾದಕ್ಕೆ ಎಡೆಮಾಡಿದೆ.

ಕತ್ತಲೆಕಾನಿನ ಮಹತ್ವ ಈ ಹೋಲಿಕೆಯೊಂದರಲ್ಲಿಯೇ ಇಲ್ಲ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಈ ಕಾನಿನ ಹೆಸರನ್ನೇ ಹೊತ್ತ ದೊಡ್ಡ ಮರವೊಂದನ್ನು ವಿಜ್ಞಾನಲೋಕ ಅರಿತದ್ದು ೨೦೦೦ದಲ್ಲಿ. ಅದು ಗೇರಿನ ಕುಟುಂಬಕ್ಕೆ ಸೇರಿದ್ದು. ವರ್ಷವಿಡೀ ನೀರಿರುವ ಇಂತಹ ಹಳ್ಳದ ತಗ್ಗುಗಳು ಗದ್ದೆಗೂ ಅಡಕೆ ತೋಟಕ್ಕೂ ಹೇಳಿಮಾಡಿಸಿದ ನೆಲ. ಹಾಗಾಗಿ ಅವುಗಳಲ್ಲಿ ಎಷ್ಟು ಜೌಗುಗಳು ಶತಮಾನಗಳ ಹಿಂದೆಯೇ ತೋಟಗಳಾಗಿ ಮಾರ್ಪಟ್ಟವೋ ಹೇಳುವಂತಿಲ್ಲ. ಜನರು ದೇವರ ಕಾನೆಂದು ಕೊಡಲಿ ಹಾಕದೆ ಬಿಟ್ಟಲ್ಲಿ ಕೆಲವು ಉಳಿದಿವೆ. ಕುಮಟಾದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಂ. ಡಿ. ಸುಭಾಶ್ ಚಂದ್ರನ್ ಅವರು ತಮ್ಮ ಸಂಗಡಿಗರೊಡನೆ ಈ ಜಿಲ್ಲೆಯ ಕಾನುಗಳನ್ನೂ ಜೌಗುಗಳನ್ನೂ ಅಲೆದು ಗುರುತಿಸಿದ ಕೆಲಸ, ಜಿಲ್ಲೆಯ ಇತಿಹಾಸವನ್ನು ಬರೆಯುವವರೂ ಓದಬೇಕಾದುದು.

ದೇವರ ಹೆಸರಿನಲ್ಲಿ ಉಳಿದ ಮರದ ಕಥೆ ಸೈಪ್ರೆಸ್ ವಂಶದಲ್ಲಿಯೂ ಒಂದಿದೆ. ೧೯೪೧ರಲ್ಲಿ ಜಪಾನಿನ ಶಿಗೇರು ಮಿಕಿ ಎಂಬ ವಿದ್ವಾಂಸರು, ಸಿಕೋಯಾದವೆಂದು ಅದುವರೆಗೆ ತಿಳಿದಿದ್ದ ಕೆಲವು ಪಳೆಯುಳಿಕೆಗಳಲ್ಲಿ ಎಲೆಗಳು ಸುರುಳಿಯಾಗಿಲ್ಲ, ಎದುರುಬದುರಾಗಿವೆ ಎಂಬುದನ್ನು ಗಮನಿಸಿ, ಅಳಿದುಹೋದ ಈ ಮರಕ್ಕೆ ಮೆಟಾಸಿಕೋಯಾ ಎಂಬ ಹೆಸರಿಟ್ಟರು. ಅದೇ ದಶಕದಲ್ಲಿ, ಯುದ್ಧದ ನಡುವೆ, ಮಧ್ಯ ಚೀನದ ಮೊದಾವೊ ಎಂಬ ಹಳ್ಳಿಯಲ್ಲಿ ಅಪರಿಚಿತವಾದ ದೊಡ್ಡ ಮರವೊಂದು ಅರಣ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದಿತು. ಹಳ್ಳಿಯವರು ಅದರ ಬುಡದಲ್ಲಿ ಚಿಕ್ಕ ಗುಡಿಯೊಂದನ್ನು ಕಟ್ಟಿದ್ದರು. ೧೯೪೩ರಲ್ಲಿ ವಾಂಗ್ ಚಾನ್ ಸಂಗ್ರಹಿಸಿದ ಕಡ್ಡಿ, ಶಂಕುಗಳು ಕೈಯಿಂದ ಕೈಗೆ ಸಾಗಿ, ಹೂ ಶಿಯೆನ್‌ಸೂ ಅವರ ಬಳಿಗೆ ಬಂದಾಗ ಅವರು ಇದು ಮಿಕಿಯವರ ಪಳೆಯುಳಿಕೆಯ ಮರವೇ ಎಂದು ಗುರುತಿಸಿದರು. ೧೯೪೮ರಲ್ಲಿ ಹೂ ಮತ್ತು ಚೆಂಗ್ ಅದನ್ನು ಶಾಸ್ತ್ರೀಯವಾಗಿ ಪ್ರಕಟಿಸಿದರು. ಸತ್ತಿದೆಯೆಂದು ಹೆಸರಿಟ್ಟ ಕೆಲವೇ ವರ್ಷಗಳಲ್ಲಿ ಮರವು ಜೀವಂತವಾಗಿ ಎದುರಿಗೆ ಬಂದು ನಿಂತಿತು.

ಈಗ ನಮ್ಮ ನೆಲಕ್ಕೆ ಸಂಬಂಧಿಸಿದ ಮುಖ್ಯ ಪ್ರಶ್ನೆಯನ್ನು ಎತ್ತಬಹುದು. ದಕ್ಷಿಣ ಭಾರತದಲ್ಲಿ ಸೈಪ್ರೆಸ್ ವಂಶದ ಮರವೊಂದೂ ತಾನಾಗಿ ಬೆಳೆಯುವುದಿಲ್ಲವೇಕೆ? ಮಾವೊ ಕಾಂಗ್‌ಶಾನ್ ಮತ್ತು ಸಂಗಡಿಗರು ಈ ವಂಶದ ನೂರಕ್ಕೂ ಮಿಕ್ಕ ಪ್ರಭೇದಗಳ ಆನುವಂಶಿಕ ಬರಹವನ್ನು ಪಳೆಯುಳಿಕೆಗಳ ಕಾಲದೊಡನೆ ತಾಳೆನೋಡಿ ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಂಶದ ಮೂಲ ೨೦ ಕೋಟಿ ವರ್ಷಗಳಿಗಿಂತಲೂ ಹಿಂದಿನದು; ಆಗ ಭೂಖಂಡಗಳೆಲ್ಲ ಒಂದೇ ಆಗಿದ್ದುವು. ಉತ್ತರದ ಶಾಖೆಯೂ ದಕ್ಷಿಣದ ಶಾಖೆಯೂ ಸುಮಾರು ೧೫ ಕೋಟಿ ವರ್ಷಗಳ ಹಿಂದೆ, ಉತ್ತರ ದಕ್ಷಿಣ ಭೂಭಾಗಗಳು ಅಗಲಿದ ಹೊತ್ತಿನಲ್ಲಿ, ಕವಲೊಡೆದುವು. ದಕ್ಷಿಣ ಶಾಖೆಯ ಮರಗಳು ಇಂದು ಆಸ್ಟ್ರೇಲಿಯ, ನ್ಯೂಜಿಲೆಂಡ್, ನ್ಯೂಗಿನಿ, ದಕ್ಷಿಣ ಅಮೆರಿಕ, ಆಫ್ರಿಕದ ದಕ್ಷಿಣ ಭಾಗಗಳಲ್ಲಿವೆ. ಇವೆಲ್ಲ ಗೊಂಡ್ವಾನದ ತುಂಡುಗಳು. ಭಾರತದ ಪರ್ಯಾಯದ್ವೀಪವೂ ಅದೇ ಗೊಂಡ್ವಾನದ ತುಂಡು. ಆ ಮಹಾಖಂಡದ ಹೆಸರೇ ನಮ್ಮ ಗೊಂಡರ ನಾಡಿನಿಂದ ಬಂದುದು. ಆದರೂ ಆ ಆಸ್ತಿಯಲ್ಲಿ ನಮ್ಮ ಪಾಲಿಗೆ ಸೈಪ್ರೆಸ್ ಬಂದಿಲ್ಲ.

ನಮ್ಮ ತಾಲೂಕುಗಳ ನೆಲವನ್ನೇ ಕೇಳೋಣವೆಂದರೆ, ಇಲ್ಲಿಯ ಬಂಡೆಗಳು ಶಂಕುಧಾರಿಗಳು ಹುಟ್ಟುವುದಕ್ಕಿಂತ ಎಷ್ಟೋ ಹಿಂದಿನವು. ಅವುಗಳ ಮೇಲಿನ ಜಂಬಿಟ್ಟಿಗೆಯಲ್ಲಿ ಎಲೆಯ ಅಚ್ಚು ಉಳಿಯುವುದಿಲ್ಲ. ದಫ್ತರದಲ್ಲಿ ಆ ಕಾಲದ ಪುಟಗಳೇ ಇಲ್ಲ. ಪುಟಗಳು ಇರುವುದು ಝಾರ್ಖಂಡದ ರಾಜಮಹಲ್ ಬೆಟ್ಟಗಳಲ್ಲಿ, ಕಚ್ಛದಲ್ಲಿ, ಜಬಲ್ಪುರದ ಸುತ್ತಮುತ್ತ. ಭಾರತದ ಪಳೆಯುಳಿಕೆ ಶಂಕುಧಾರಿಗಳನ್ನೆಲ್ಲ ಮರುಪರೀಕ್ಷಿಸಿ ಬೀರಬಲ್ ಸಾಹನಿಯವರು ೧೯೨೮ ಮತ್ತು ೧೯೩೧ರಲ್ಲಿ ಎರಡು ಭಾಗಗಳಲ್ಲಿ ಹೊರತಂದ ಗ್ರಂಥ ಇಂದಿಗೂ ಈ ವಿಷಯದ ತಳಹದಿ. ಲಖನೌದ ತಮ್ಮ ಸಂಸ್ಥೆಗೆ ಅಸ್ತಿಭಾರವಾದ ವಾರದೊಳಗೆ, ೧೯೪೯ರ ಏಪ್ರಿಲ್‌ನಲ್ಲಿ, ಅವರು ತೀರಿಕೊಂಡರು. ಆ ಕಾಲದ ಭಾರತದಲ್ಲಿ ಶಂಕುಧಾರಿಗಳ ಕಾಡುಗಳಿದ್ದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಿಶ್ಚಿತವಾಗಿ ಗುರುತಿಸಲಾದವು ಮುಖ್ಯವಾಗಿ ಅರಾಕೇರಿಯ ಮತ್ತು ಪೋಡೋಕಾರ್ಪಸ್ ಕುಟುಂಬಗಳವು. ಉಳಿದ ಎಷ್ಟೋ ಕಡ್ಡಿಗಳನ್ನು ಶಂಕುವಿಲ್ಲದೆ ಯಾವ ಕುಟುಂಬಕ್ಕೂ ಸೇರಿಸಲಾಗಿಲ್ಲ.

ಆಧಾರವಿಲ್ಲವೆಂಬುದನ್ನೇ ಆಧಾರವಾಗಿ ಹಿಡಿಯುವುದು ಅಪಾಯಕರವೆಂದು ಇತಿಹಾಸಕಾರರು ಬಲ್ಲರು. ಸೈಪ್ರೆಸ್ ಇಲ್ಲಿ ಎಂದೂ ಇರಲಿಲ್ಲ ಎನ್ನುವುದು ಒಂದು ಪಕ್ಷ. ಇದ್ದು ಅಳಿಯಿತು ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಕಾರಣಗಳನ್ನು ಒದಗಿಸುವುದು ಕಷ್ಟವಲ್ಲ. ಭಾರತವು ಒಂಟಿ ದ್ವೀಪವಾಗಿ ಉತ್ತರಕ್ಕೆ ಸಾಗಿ ಉಷ್ಣವಲಯವನ್ನು ಹಾದುಬಂದಿತು, ೬.೬ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಲಾವಾ ಅದರ ಬಹುಭಾಗವನ್ನು ಮುಚ್ಚಿತು; ಹೂಸಸ್ಯಗಳು ಕಾಡನ್ನು ಆಕ್ರಮಿಸಿದುವು. ಆದರೆ ಈ ಕಾರಣಗಳನ್ನು ಮಾತ್ರ ನಂಬಿ ಕೂರುವಂತಿಲ್ಲ, ಏಕೆಂದರೆ ಆಸ್ಟ್ರೇಲಿಯದ ಕ್ಯಾಲಿಟ್ರಿಸ್ ಕಡು ಬಿಸಿಲನ್ನೂ ಬರವನ್ನೂ ಸಹಿಸಿ ಬದುಕಿದೆ. ನನಗೆ ಹೆಚ್ಚು ಗಮನಾರ್ಹವೆಂದು ತೋರುವ ಸಂಗತಿ ಬೇರೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ಭಾರತ ಮತ್ತು ಮಡಗಾಸ್ಕರ್ ಒಂದರಿಂದೊಂದು ಬೇರ್ಪಟ್ಟ ಸುಮಾರು ೯ ಕೋಟಿ ವರ್ಷಗಳ ಹಿಂದಿನ ಲಾವಾದಿಂದಾದವು. ಅಲ್ಲಿಯವರೆಗೆ ಈ ಎರಡು ನೆಲಗಳೂ ಕೂಡಿಯೇ ಇದ್ದುವು. ಆ ಮಡಗಾಸ್ಕರಿನಲ್ಲಿಯೂ ಸೈಪ್ರೆಸ್ ವಂಶದ ಮರ ಸ್ವಾಭಾವಿಕವಾಗಿ ಇಲ್ಲ. ಅಲ್ಲಿಯ ಕಾಡಿನ ಶಂಕುಧಾರಿಗಳೆಲ್ಲ ಪೋಡೋಕಾರ್ಪಸ್ ಕುಟುಂಬದವು. ದಕ್ಷಿಣ ಭಾರತದಲ್ಲಿ ತಾನಾಗಿ ಬೆಳೆಯುವ ಒಂದೇ ಒಂದು ಶಂಕುಧಾರಿ, ನೀಲಗಿರಿಯಿಂದ ಅಗಸ್ತ್ಯಮಲೆಯವರೆಗಿನ ಬೆಟ್ಟಗಳಲ್ಲಿರುವ ನಾಗಿಯ, ಅದೂ ಪೋಡೋಕಾರ್ಪಸ್ ಕುಟುಂಬದ್ದೇ. ಬೇರೆಯಾದ ಇಬ್ಬರು ಅಣ್ಣತಮ್ಮಂದಿರ ಮನೆಗಳಲ್ಲಿಯೂ ಒಂದೇ ವಸ್ತು ಇಲ್ಲವೆಂದರೆ, ಅದು ಕೂಡುಕುಟುಂಬದಲ್ಲಿಯೂ ಇರಲಿಲ್ಲವೇನೋ ಎಂದು ಶಂಕಿಸುವುದು ಸಹಜ. ಇದು ಶಂಕೆಯೇ ಹೊರತು ಸಿದ್ಧಾಂತವಲ್ಲ. ರಾಜಮಹಲಿನ ಕಲ್ಲಿನಲ್ಲಿ ಬೆಸೆದ ಹಲ್ಲೆಗಳುಳ್ಳ ಒಂದು ಶಂಕು ಸಿಕ್ಕಿದರೆ ಸಾಕು, ಅದು ಬಿದ್ದುಹೋಗುತ್ತದೆ.

ಹಿಮಾಲಯದ ಸೈಪ್ರೆಸ್ ಮತ್ತು ಜೂನಿಪರ್‌ಗಳ ಮಾತು ಬೇರೆ. ಅವು ಉತ್ತರ ಶಾಖೆಗೆ ಸೇರಿದವು. ಭಾರತವು ಏಷ್ಯಕ್ಕೆ ತಾಗಿ ಬೆಟ್ಟಗಳು ಎದ್ದ ಮೇಲೆ ಆ ಕಡೆಯಿಂದ ಬಂದು ನೆಲಸಿದವು. ಬಯಲಿಗೆ ಅವು ಇಳಿಯಲಿಲ್ಲ. ಬೆಂಗಳೂರಿನವರೆಗೆ ಸೈಪ್ರೆಸ್ ಬಂದದ್ದು ಸುಲ್ತಾನರ ತೋಟಗಾರರ ಕೈಹಿಡಿದು.

ಹಾಗಾದರೆ ಶಿರಾಲಿಯಲ್ಲಿ ಈ ವಂಶದ ಪ್ರತಿನಿಧಿಯೇ ಇಲ್ಲವೆ? ಮನೆಗಳ ಅಂಗಳದಲ್ಲಿಯೋ ಶಾಲೆಯ ಕೈತೋಟದಲ್ಲಿಯೋ ಬೀಸಣಿಗೆಯಂತೆ ಹಸುರು ಹರಡಿ ನಿಂತ ಥೂಜಾ ಗಿಡವನ್ನು ಹುಡುಕಬೇಕು. ಮಕ್ಕಳು ಅದರ ಎಲೆಯನ್ನು ‘ವಿದ್ಯೆ’ ಎಂದು ಪುಸ್ತಕದ ಹಾಳೆಗಳ ನಡುವೆ ಇಡುತ್ತಾರೆ. ಚೀನದ ಕಡೆಯದಾದ ಈ ಗಿಡಕ್ಕೆ ಲಿನೇಯಸ್ ೧೭೫೩ರಲ್ಲಿ ಪೂರ್ವದೇಶದ ಥೂಜಾ ಎಂದು ಹೆಸರಿಟ್ಟಿದ್ದನು. ಅಮೆರಿಕದ ಥೂಜಾಗಳಿಗಿಂತ ಅದು ಬೇರೆಯೆಂದು ಕಂಡು, ಈಗ ಅದನ್ನು ಪ್ಲಾಟಿಕ್ಲಾಡಸ್ ಎಂಬ ಪ್ರತ್ಯೇಕ ಜಾತಿಯಲ್ಲಿ ಇರಿಸಿದ್ದಾರೆ. ಆ ವಿದ್ಯಾರ್ಥಿಯನ್ನು ಮತ್ತೆ ಕಂಡಾಗ ನಾನು ಗಾಳಿಮರದ ಒಂದು ಕಡ್ಡಿಯನ್ನೂ ಥೂಜಾದ ಒಂದು ಎಸಳನ್ನೂ ಮೇಜಿನ ಮೇಲಿಟ್ಟು ಕೈಮಸೂರವನ್ನು ಅವನಿಗೆ ಕೊಟ್ಟೆನು. ಒಂದರಲ್ಲಿ ಗೆಣ್ಣಿನ ಸುತ್ತಣ ಹಲ್ಲುಗಳನ್ನು ಅವನು ಎಣಿಸಿದನು, ಇನ್ನೊಂದರಲ್ಲಿ ಜೋಡಿಗೆ ಜೋಡಿ ಅಡ್ಡವಾಗಿ ಕುಳಿತ ಹುರುಪೆಗಳನ್ನು ಕಂಡನು. ಬಳಿಕ ಥೂಜಾದ ಎಸಳನ್ನು ತನ್ನ ಪುಸ್ತಕದೊಳಗೆ ಇಟ್ಟುಕೊಂಡು ಹೋದನು.